ನಾಲ್ಕು ಸೂತದ ಹುಡುಗಿ ಎಲ್ಲಿ?

ಕಳೆದ ಗುರುವಾರ ಮಧ್ಯಾಹ್ನ ಹಳೇ ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ ಘಾಗ್ರಾ ಒಂದು ಬಿತ್ತು.

ಹಗ್ಗದ ಮೇಲಿಂದಲ್ಲ. ಹುಡುಗಿಯ ಮೇಲಿಂದ.

(ಗಾಬರಿಯಾಗಬೇಡಿ. ಒಳಗೆ ಶಾಲೆಯ ಆಟದ ಪ್ಯಾಂಟ್ ಇತ್ತು. ಇದು ಮನೆಮಂದಿಯೆಲ್ಲ ಓದುವ ಅಂಕಣ.)

ಹುಡುಗಿಯ ಹೆಸರು ಸಾನಿಕಾ. ಎಂಟನೇ ಕ್ಲಾಸು. ಡಾನ್ಸ್ ಟೀಚರ್ "ಒಮ್ಮೆ ತಿರುಗಿ ತೋರಸವಾ" ಅಂದರು. ಸಾನಿಕಾ ಗರ್ರನೆ ತಿರುಗಿದಳು. ಘಾಗ್ರಾ ಮಾತ್ರ ತಿರುಗಲಿಲ್ಲ. ಇದು ನನ್ನ ಕೆಲಸವೇ ಅಲ್ಲ ಎನ್ನುವಂತೆ ನಿಧಾನವಾಗಿ ಕೆಳಗಿಳಿದು, ಅವಳ ಪಾದದ ಸುತ್ತ ಚಕ್ಕಳಮಕ್ಕಳ ಹಾಕಿ ಕುಳಿತುಕೊಂಡಿತು.

ನೋಡಲು ನೂರು ಜನ ಸೇರಿದ್ದರು. (ಸರಿ, ಹನ್ನೊಂದು. ಅದರಲ್ಲಿ ಒಂದು ಆಡು.)

ಹೊಸದಾಗಿ ಓದುತ್ತಿರುವವರಿಗೆ ಪರಿಚಯ: ನಾನು ವಿನಯಾ. ಪಿಯುಸಿ ಮೊದಲ ವರ್ಷ, ಸೈನ್ಸ್. ಹೆಸರಿಗೂ ಹುಡುಗಿಗೂ ಸಂಬಂಧವಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಳೆಯ ಓದುಗರಿಗೆ ಗೊತ್ತೇ ಇದೆ, ಪ್ರತಿ ವಾರ ಇಲ್ಲಿ ಬಂದು ನನ್ನನ್ನು ನಾನೇ ಹೊಗಳಿಕೊಂಡು ಹೋಗುತ್ತೇನೆ. ಆದರೆ ಈ ವಾರ ಹಾಗಲ್ಲ. ಈ ವಾರ ಹೊಗಳಿಕೊಳ್ಳಲು ನಿಜವಾಗಿಯೂ ಕಾರಣ ಇದೆ.

ಘಾಗ್ರಾ ಬಿದ್ದದ್ದು ನಮ್ಮ ಶಾಂತಾ ಮೌಶಿಯ ಟೇಲರಿಂಗ್ ಅಂಗಡಿಯ ಬಾಗಿಲಲ್ಲಿ. ಮೌಶಿ ಅಂದರೆ ಅವ್ವನ ತಂಗಿ. ಅಂಗಡಿ ಎಷ್ಟು ವಿಶಾಲವಾಗಿದೆ ಎಂದರೆ, ಒಳಗೆ ಒಬ್ಬರು ಸೀನಿದರೆ ಎದುರಿನ ಕಿರಾಣಿಯವರು ತೂಕದ ತಕ್ಕಡಿ ಹಿಡಿದುಕೊಳ್ಳುತ್ತಾರೆ. ಎರಡು ಮಷೀನು, ಒಂದು ಕಟಿಂಗ್ ಟೇಬಲ್ಲು, ಒಂದು ಫ್ಯಾನು. ಇಮಾಮಸಾಬ್ ಮಾಸ್ತರ್ ಒಳಗೆ ಬಂದರೆ ಫ್ಯಾನು ಬಂದ್ ಮಾಡಬೇಕು. ಅವರ ಟೋಪಿಗೂ ಫ್ಯಾನಿನ ರೆಕ್ಕೆಗೂ ಹಳೆಯ ಜಗಳ.

ಇಮಾಮಸಾಬ್ ಮಾಸ್ತರ್ ಕಟಿಂಗ್ ಮಾಸ್ತರ್. ಕತ್ತರಿ ಅವರದು, ಹೊಲಿಗೆ ಮೌಶಿಯದು. ಜಂಬದಲ್ಲಿ ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ನನಗೆ ಸರಿಸಾಟಿ ಎಂದು ಒಬ್ಬರಿದ್ದರೆ ಅದು ಅವರೇ. "ನಾ ಕಣ್ಣ ಮುಚ್ಚಿ ಕತ್ತರಿ ಹಾಕಿದ್ರೂ ಬಟ್ಟಿ ತಾನಾಗಿ ಶರ್ಟ್ ಆಗತೇತಿ" ಎನ್ನುವ ಆಸಾಮಿ.

ಒಮ್ಮೆ ನಾನು, "ಹಂಗಾರ ಮಾಡಿ ತೋರಸ್ರಿ ಮಾಸ್ತರ" ಅಂದಿದ್ದೆ.

"ನಿನ್ನ ಹೊಸಾ ಕುರ್ತಾದ ಬಟ್ಟಿ ತಾ" ಅಂದರು.

ಕೊಡಲಿಲ್ಲ. ಜಂಬ ಬೇರೆ, ಕುರ್ತಾ ಬೇರೆ.

ಮೌಶಿಯ ಅಂಗಡಿಗೆ ಇಷ್ಟು ವರ್ಷ ಬರುತ್ತಿದ್ದದ್ದೇನು? ಸೀರೆಗೆ ಫಾಲು, ಪಿಕೋ, ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟು. "ಹೊಸಾದು ಹೊಲಿಯೂದು ಮಂದಿ, ಹರದದ್ದು ಹೊಲಿಯೂದು ನಾ" ಎಂದು ನಗುತ್ತಿದ್ದಳು. ಪೂರ್ತಿ ನಗು ಅಲ್ಲ ಅದು. ಅಂಥದ್ದರಲ್ಲಿ ಬೈರಿದೇವರಕೊಪ್ಪದ ಒಂದು ಶಾಲೆಯ ಡಾನ್ಸ್ ಟೀಚರ್ ಬಂದು, ಗ್ಯಾದರಿಂಗಿಗೆ ಎಂಟು ಹುಡುಗಿಯರ ಘಾಗ್ರಾ ಹೊಲಿದು ಕೊಡಿ ಎಂದರು. (ದಕ್ಷಿಣದ ಓದುಗರಿಗೆ: ಗ್ಯಾದರಿಂಗ್ ಅಂದರೆ ಶಾಲೆಯ ವಾರ್ಷಿಕೋತ್ಸವ. ನಮ್ಮ ಕಡೆ ಅದಕ್ಕೆ ಬೇರೆ ಹೆಸರೇ ಇಲ್ಲ.)

ಮೌಶಿ ಆವತ್ತು ಗಲ್ಲಿಗೆಲ್ಲ ಚಹಾ ಕುಡಿಸಿದಳು. ಚಹಾದಂಗಡಿಯವನಿಗೂ ಕುಡಿಸಿದಳು.

ಈಗ ಸ್ವಲ್ಪ ಟೇಲರಿಂಗ್ ಕೇಳಬೇಕು. ಎರಡೇ ನಿಮಿಷ. ಓಡಬೇಡಿ.

ಘಾಗ್ರಾ ಒಂದೇ ತುಂಡು ಬಟ್ಟೆಯಲ್ಲ. ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಕತ್ತರಿಸಿದ ಉದ್ದುದ್ದ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ಹೊಲಿಯುತ್ತಾರೆ. ಟೀಚರ್ ಕೇಳಿದ್ದು ಹದಿನಾರು ಪಟ್ಟಿಯದ್ದು. ತಿರುಗಿದರೆ ಛತ್ರಿಯಂತೆ ಬಿಚ್ಚಿಕೊಳ್ಳಬೇಕಲ್ಲ? ಸೊಂಟದ ಅಳತೆಯನ್ನು ಹದಿನಾರರಿಂದ ಭಾಗಿಸಿದರೆ ಒಂದು ಪಟ್ಟಿಯ ಮೇಲಿನ ಅಗಲ ಸಿಗುತ್ತದೆ. (ಹೊಲಿಗೆಗೆ ಬಿಡುವ ಅಂಚನ್ನು ಮಾಸ್ತರ್ ಕೈ ತಾನೇ ಬಿಡುತ್ತದೆ. ಅದನ್ನು ನೀವೂ ಬಿಟ್ಟುಬಿಡಿ.)

ಇನ್ನೊಂದು ಮಾತು, ಸೂತ. ಇಂಚನ್ನು ಎಂಟು ಭಾಗ ಮಾಡಿದರೆ ಒಂದು ಭಾಗಕ್ಕೆ ನಮ್ಮ ಟೇಲರು, ಬಡಿಗ, ತಾರಿಹಾಳದ ವೆಲ್ಡರು, ಎಲ್ಲರೂ ಅನ್ನುವುದು ಒಂದು ಸೂತ. ನಾಲ್ಕು ಸೂತ ಅಂದರೆ ಅರ್ಧ ಇಂಚು. ಎಂಟು ಸೂತ ಅಂದರೆ ಪೂರಾ ಇಂಚು.

ಆಯಿತು. ಟೇಲರಿಂಗ್ ಮುಗಿಯಿತು. ಎಲ್ಲರೂ ಪಾಸು.

ಗ್ಯಾದರಿಂಗ್ ಇದ್ದದ್ದು ಶುಕ್ರವಾರ ಸಂಜೆ. ಗುರುವಾರ ಟೀಚರ್ ಎಂಟೂ ಹುಡುಗಿಯರನ್ನು ಒಂದೇ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಬಂದರು. ಮೊದಲ ನಾಲ್ವರು ಹಾಕಿಕೊಂಡರು. ಸಣ್ಣ ಸೊಂಟದವರು. ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂತವು! ಮೌಶಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಮಾಸ್ತರ್ ತಮ್ಮ ಕತ್ತರಿಗೆ ತಾವೇ ಸಲಾಂ ಹೊಡೆದರು.

ಆಮೇಲೆ ಉಳಿದ ನಾಲ್ವರು ಹಾಕಿಕೊಂಡರು. ಸಾನಿಕಾ ತಿರುಗಿದಳು. ಮುಂದಿನದು ನಿಮಗೆ ಗೊತ್ತು.

ಸಾನಿಕಾ ಒಬ್ಬಳದೇ ಅಲ್ಲ, ನಾಲ್ವರದ್ದೂ ಸಡಿಲ. ಮೌಶಿ ಹುಕ್ಕನ್ನು ಸರಿಸಿ ನೋಡಿದಳು. ಜಿಪ್ಪು ಹಾವಿನಂತೆ ಸೊಟ್ಟಗಾಗಿ, ಘಾಗ್ರಾದ ಒಂದು ಮಗ್ಗುಲು ಜೋಳದ ಚೀಲದಂತೆ ಜೋತುಬಿತ್ತು. ಪಿನ್ನು ಹಚ್ಚೋಣವೇ? ತಿರುಗುವಾಗ ಪಿನ್ನು ಬಿಚ್ಚಿಕೊಂಡರೆ ಡಾನ್ಸಿನಲ್ಲಿ ಇಲ್ಲದ ಹೆಜ್ಜೆಗಳೆಲ್ಲ ಬರುತ್ತವೆ.

"ಏನ್ರೀ ಇದು?" ಟೀಚರ್ ದನಿ ಏರಿತು. "ಅಳತಿ ನಾನ ಕೊಟ್ಟೇನಿ. ಎರಡೆರಡು ಸಲ ಟೇಪ್ ಹಿಡದು ಬರಕೊಂಡೇನಿ."

"ಟೀಚರ, ನನ್ನ ಕತ್ತರಿ ಸುಳ್ಳ ಹೇಳಂಗಿಲ್ರಿ," ಮಾಸ್ತರ್ ಎದೆ ಸೆಟೆದರು. "ತಪ್ಪ ನನ್ನದಾಗಿದ್ರ ಎಂಟೂ ತಪ್ಪಬೇಕಿತ್ತು. ನಾಲ್ಕು ಹೆಂಗ ಸರಿ ಆದುವು? ನೀವ ಹೇಳ್ರಿ. ಈ ನಾಲ್ಕು ಹುಡುಗ್ಯಾರು ಡಾನ್ಸ್ ಐತಿ ಅಂತ ಊಟ ಬಿಟ್ಟಾರ. ಸೊರಗ್ಯಾರ."

"ನಾ ಊಟ ಬಿಟ್ಟಿಲ್ರೀ!" ಸಾನಿಕಾಗೆ ಘಾಗ್ರಾ ಬಿದ್ದಾಗ ಆಗದ ಅವಮಾನ ಈಗ ಆಯಿತು. "ಬರೂ ಮುಂದ ಎರಡು ಪ್ಲೇಟ್ ಗಿರ್ಮಿಟ್ ತಿಂದು ಬಂದೇನಿ."

ಟೀಚರ್ ಅಲ್ಲೇ ಟೇಪ್ ಹಿಡಿದರು. ಇಪ್ಪತ್ತಾರು ಇಂಚು. ಕೊಟ್ಟಿದ್ದ ಅಳತೆಯೂ ಇಪ್ಪತ್ತಾರು. ಗಿರ್ಮಿಟ್ ಸಮೇತ.

"ಶಾಂತಾಬಾಯಿ, ನಾಳೆ ಸಂಜಿಕ ಪ್ರೋಗ್ರಾಮ್ ಐತಿ. ನಾಲ್ಕೂ ಬಿಚ್ಚಿ ಹೊಲದು ಕೊಡ್ತೀರೇನ್ರಿ?"

ಮೌಶಿ ಘಾಗ್ರಾ ಕೈಗೆತ್ತಿಕೊಂಡು ಒಳಮಗ್ಗುಲು ತಿರುವಿದಳು. ಬೆಲ್ಟು ಬಿಚ್ಚಬೇಕು, ಜಿಪ್ಪು ಬಿಚ್ಚಬೇಕು, ಅಸ್ತರು ಬಿಚ್ಚಬೇಕು, ಹದಿನಾರೂ ಹೊಲಿಗೆ ಬಿಚ್ಚಬೇಕು.

"ನಾಳಿ ಸಂಜಿ ಅಂದ್ರ ಒಂದ ಆಗತೇತ್ರಿ. ನಾಲ್ಕ ಆಗಂಗಿಲ್ರಿ."

ಸುಳ್ಳು ಹೇಳಿ ಕಾಲ ತಳ್ಳಬಹುದಿತ್ತು. ಹೇಳಲಿಲ್ಲ.

ಟೀಚರ್ ಕೆಟ್ಟವರಲ್ಲ. ಹುಡುಗಿಯರಿಗೆ ಕಬ್ಬಿನ ಹಾಲು ಕುಡಿಸಿಕೊಂಡು ಬರುತ್ತೇನೆ, ಅಷ್ಟರಲ್ಲಿ ಏನಾದರೂ ದಾರಿ ಕಂಡರೆ ಸರಿ, ಇಲ್ಲದಿದ್ದರೆ ಧಾರವಾಡದಿಂದ ಬಾಡಿಗೆಗೆ ಡ್ರೆಸ್ ತರಿಸುತ್ತೇನೆ ಎಂದು ಹೇಳಿ ಹೋದರು. ಎಂಟು ಹುಡುಗಿಯರು, ಒಂದು ಆಡು, ಎಲ್ಲ ಹಿಂದೆಯೇ ಹೋದವು.

ಮೌಶಿ ಸ್ಟೂಲಿನ ಮೇಲೆ ಕುಳಿತಳು. "ಬಿಡ ವಿನ್ಯಾ. ನಾಳಿಂದ ಫಾಲು-ಪಿಕೋನ ಮಾಡ್ಕೊಂತ ಇರ್ತೇನಿ. ಇಕಿಗೆ ಅಷ್ಟ ಬರತೇತಿ ಅಂತ ಊರಿಗೇನ ಗೊತ್ತಾತು."

ನಾನು ತಮಾಷೆಯ ಹುಡುಗಿ. ಪ್ರತಿ ಮಾತಿಗೂ ಒಂದು ಉತ್ತರ ಜೇಬಲ್ಲಿ ಇರುತ್ತದೆ. ಈ ಸಲ ಜೇಬು ಬಿಟ್ಟು ಟೀಚರ್ ಬರೆದುಕೊಟ್ಟ ಅಳತೆಯ ಚೀಟಿಗೆ ಕೈ ಹಾಕಿದೆ. ಮೌಶಿ ಹೊಸ ಬಟ್ಟೆಯ ಮೇಲೆ ಕೈಯಾಡಿಸುತ್ತಿದ್ದಳು. ಬೇರೆಯವರ ಮಗುವನ್ನು ವಾಪಸ್ ಕೊಡುವ ಮುಂಚೆ ಸವರಿದ ಹಾಗೆ.

"ಮೌಶಿ," ಅಂದೆ, "ಹೆಂಗ ಕಟ್ ಮಾಡಿದ್ರಿ ಅಂತ ಮೊದಲಿಂದ ಹೇಳ್ರಿ. ಇಬ್ಬರೂ."

"ಬಂದ್ರು ನೋಡ ಸಿಬಿಐ," ಅಂದರು ಮಾಸ್ತರ್.

ಆದರೂ ಹೇಳಿದರು. ಸುಮ್ಮನಿದ್ದರೆ ಅವರಿಗೂ ಊಟ ಜೀರ್ಣವಾಗುವುದಿಲ್ಲ. ಹದಿನಾರು ಭಾಗ ಮಾಡಬೇಕಾದರೆ ಮಾಸ್ತರ್ ಯಾವಾಗಲೂ ಟೇಪನ್ನು ಅರ್ಧ ಮಡಚುತ್ತಾರೆ, ಮತ್ತೆ ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ. ಈ ಸಲ ಮೌಶಿ ಹೊಸ ಮೊಬೈಲ್ ತೆಗೆದಿದ್ದಳು. "ಮಾಸ್ತರ, ಕಾಲ ಬದಲಾಗೇತ್ರಿ" ಎಂದಿದ್ದಳು. ಅವಳು ಮೊಬೈಲಿನಲ್ಲಿ ಭಾಗಿಸಿ ಕೂಗುವುದು, ಮಾಸ್ತರ್ ಬಟ್ಟೆಗೆ ಚಾಕಿನಿಂದ ಗುರುತು ಹಚ್ಚುವುದು. ಫಟಾಫಟ್.

"ಸಾನಿಕಾಂದು ಮಾಡಿ ತೋರಸ್ರಿ."

ಮೌಶಿ ಇಪ್ಪತ್ತಾರನ್ನು ಹದಿನಾರರಿಂದ ಭಾಗಿಸಿದಳು. "ಒಂದು ಪಾಯಿಂಟ್ ಆರು ಎರಡು ಐದು."

ಮಾಸ್ತರ್ ಕಣ್ಣು ಮಿಟುಕಿಸದೆ, "ಒಂದು ಇಂಚು ಆರು ಸೂತ" ಎಂದರು.

"ಎರಡು ಐದು ಎಲ್ಲಿ ಹೋತ್ರಿ?"

"ಅದು ಬಾಲ. ಸೂತಕ್ಕಿಂತ ಸಣ್ಣದು ಕತ್ತರಿಗೆ ಕಾಣಂಗಿಲ್ಲ ತಂಗಿ. ಬಾಲ ಕಟ್ ಮಾಡೂದು, ಮುಂದ ಹೋಗೂದು."

"ಪಾಯಿಂಟ್ ಆರು ಅಂದ್ರ ಆರು ಸೂತ ಅಂತ ಯಾರು ಹೇಳಿದ್ರು?"

ಮಾಸ್ತರ್ ಕತ್ತರಿ ಕೆಳಗಿಟ್ಟರು. ಇದು ಅಪಾಯದ ಸೂಚನೆ.

"ನಿಮ್ಮವ್ವ ಎಷ್ಟರ ಬಳಿ ಹಾಕ್ತಾಳ?"

"ಎರಡು ಪಾಯಿಂಟ್ ಆರು."

"ಎರಡು ಪಾಯಿಂಟ್ ಎಂಟು ದೊಡ್ಡದೋ, ಎರಡು ಪಾಯಿಂಟ್ ಹತ್ತು ದೊಡ್ಡದೋ?"

"ಎರಡು ಪಾಯಿಂಟ್ ಹತ್ತು."

"ನಿಮ್ಮ ಸಾಲ್ಯಾಗ?"

ಶಾಲೆಯಲ್ಲಿ 2.8 ದೊಡ್ಡದು, 2.10 ಚಿಕ್ಕದು. ಬಳೆಯಂಗಡಿಯಲ್ಲಿ ಉಲ್ಟಾ. ಹುಟ್ಟಿದಾಗಿನಿಂದ ಬಳೆ ಹಾಕುತ್ತಿದ್ದೇನೆ, ಒಮ್ಮೆಯಾದರೂ ಹೊಳೆದಿತ್ತೇ? ನಿಮಗೆ ಹೊಳೆದಿತ್ತೇ?

"ಪಾಯಿಂಟ್ ಆದ ಮ್ಯಾಲೆ ಭಾಗ ಬರತಾವು," ಮಾಸ್ತರ್ ಮೀಸೆ ಸವರಿದರು. "ಬಳ್ಯಾಗ ಬಳಿ ಭಾಗ. ಬಟ್ಟ್ಯಾಗ ಸೂತ. ಇಡೀ ಹುಬ್ಬಳ್ಳಿ ಹಿಂಗ ನಡದೈತಿ. ನೀ ಒಬ್ಬಾಕಿ ಬದಲ ಮಾಡ್ತಿ?"

ಪ್ರಿಯ ಓದುಗರೇ, ವಿಷಯ ಏನೆಂದರೆ, ಅವರು ಹೇಳುವುದರಲ್ಲಿ ಹುರುಳಿತ್ತು. ನನ್ನ ಎತ್ತರ ಕೇಳಿದರೆ ನಾನೂ "ಐದು ಪಾಯಿಂಟ್ ಎರಡು" ಅನ್ನುತ್ತೇನೆ. ಐದು ಅಡಿ ಎರಡು ಇಂಚು ಎಂದು ಎಲ್ಲರಿಗೂ ತಿಳಿಯುತ್ತದೆ. ಯಾರೂ ಕ್ಯಾಲ್ಕುಲೇಟರ್ ತೆಗೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಮಾಸ್ತರ್ ಲೆಕ್ಕ ತಪ್ಪಾಗಿದ್ದರೆ ನಾಲ್ಕು ಘಾಗ್ರಾ ಅಷ್ಟು ಚೆಂದ ಹೇಗೆ ಕೂತವು? ಉಳಿದವನ್ನು ಹೊಲಿಯುವ ಮೊದಲು ಒಂದನ್ನು ಇಪ್ಪತ್ತೆರಡು ಇಂಚಿನ ಹುಡುಗಿಯೊಬ್ಬಳ ಮೇಲೆ ಟ್ರಯಲ್ ಕೂಡ ನೋಡಿದ್ದರು. ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ!

"ಎಲ್ಲಾರ್ದೂ ಹೇಳ್ರಿ," ಅಂದೆ. "ಸಣ್ಣ ಸೊಂಟದಿಂದ."

ಮೌಶಿ ಮೊಬೈಲ್ ಒತ್ತುತ್ತಾ ಹೋದಳು, ಮಾಸ್ತರ್ ದೇವರ ನಾಮ ಹೇಳಿದಂತೆ ಹೇಳುತ್ತಾ ಹೋದರು. ಇಪ್ಪತ್ತರ ಸೊಂಟ, ಇಬ್ಬರದು, 1.25, ಒಂದು ಇಂಚು ಎರಡು ಸೂತ. ಇಪ್ಪತ್ತೆರಡು, ಅದೂ ಇಬ್ಬರದು, 1.375, ಮೂರು ಸೂತ. ಇಪ್ಪತ್ತನಾಲ್ಕು, 1.5, ಐದು ಸೂತ. ಇಪ್ಪತ್ತಾರು, ಆರು ಸೂತ. ಇಪ್ಪತ್ತೆಂಟು, 1.75, ಏಳು ಸೂತ. ಮೂವತ್ತು, 1.875, ಎಂಟು ಸೂತ.

ಎರಡು, ಮೂರು, ಐದು, ಆರು, ಏಳು, ಎಂಟು.

ನಿಮಗೆ ಕೇಳಿಸಿತೇ? ನನಗೆ ಕೇಳಿಸಿತು. (ಇಲ್ಲಿ ದಯವಿಟ್ಟು ಒಂದು ಕ್ಷಣ ನಿಂತು ನನ್ನನ್ನು ಮೆಚ್ಚಿಕೊಂಡು ಮುಂದೆ ಓದಿ.)

"ನಾಲ್ಕು ಎಲ್ಲಿ?" ಅಂದೆ.

"ಯಾವ ನಾಲ್ಕು?"

"ನಾಲ್ಕು ಸೂತದ ಹುಡುಗಿ. ಮೂರು ಸೂತದಾಕಿ ಇದ್ದಾಳ, ಐದು ಸೂತದಾಕಿ ಇದ್ದಾಳ. ನಾಲ್ಕು ಸೂತದಾಕಿ ಎಲ್ಲಿ?"

"ಆಕಿ ಡಾನ್ಸ್ ಕ್ಲಾಸಿಗೆ ಸೇರಿಲ್ಲ" ಎಂದರು ಮಾಸ್ತರ್.

"ಮಾಸ್ತರ, ಟೀಚರ್ ಕೊಟ್ಟ ಸೊಂಟದ ಅಳತಿ ಎರಡೆರಡು ಇಂಚು ಏರಿಕೋಂತ ಹೋಗ್ಯಾವು. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು. ಎರಡು ಇಂಚು ಹದಿನಾರು ಪಟ್ಟಿಗೆ ಹಂಚಿದ್ರ ಪಟ್ಟಿಗೆ ಒಂದ ಸೂತ. ಅಂದ್ರ ನಿಮ್ಮ ಸೂತನೂ ಒಂದೊಂದ ಏರಬೇಕು. ಎರಡು, ಮೂರು, ನಾಲ್ಕು, ಐದು. ನೀವು ಮೂರರಿಂದ ಐದಕ್ಕ ಯಾಕ ಜಿಗಿದ್ರಿ? ಮತ್ತ ಕಡೀಕ, ಒಂದು ಇಂಚು ಎಂಟು ಸೂತ ಅಂತ ಚಾಕ್ ಹಚ್ಚೂ ಮುಂದ ನಿಮಗ ಏನೂ ಅನಸಲಿಲ್ಲ? ಎಂಟು ಸೂತ ಅಂದ್ರ ಪೂರಾ ಇಂಚಲ್ಲೇನ್ರಿ? ಸೀದಾ ಎರಡು ಇಂಚು ಅನ್ನಬಾರದ?"

ಮಾಸ್ತರ್ ಟೋಪಿ ಸರಿಪಡಿಸಿಕೊಂಡರು. "ಅನಸಿತ್ತು. ಆದ್ರ ಮೊಬೈಲ್ ಅಂತು."

ಇಲ್ಲಿ ನಾನು ಚಾಕ್ ಕೈಗೆತ್ತಿಕೊಂಡೆ. ಕಟಿಂಗ್ ಟೇಬಲ್ಲಿನ ಮೇಲೆ ಬರೆದೆ. ಆ ಕ್ಷಣದಲ್ಲಿ ನನ್ನ ಮುಖದ ಮೇಲೆ ಎಲ್ಲಿಂದಲೋ ಬೆಳಕು ಬಿದ್ದಿತ್ತು. (ಟ್ಯೂಬ್‌ಲೈಟ್ ಇತ್ತು. ಆದರೂ.)

1.625. ಒಂದು ಹಾಗೇ ಇರಲಿ. ಪಾಯಿಂಟಿನ ನಂತರ ಮೂರು ಅಂಕಿ. ಅಂದರೆ ಸಾವಿರದಲ್ಲಿ ಆರುನೂರಾ ಇಪ್ಪತ್ತೈದು. 625/1000. ಐದರಿಂದ ಹೊಡೆ, 125/200. ಮತ್ತೆ ಐದರಿಂದ, 25/40. ಮತ್ತೆ ಐದರಿಂದ, 5/8. ಇನ್ನು ಹೊಡೆಯಲು ಬರುವುದಿಲ್ಲ. ಇದಕ್ಕೇ ಸರಳ ರೂಪ ಅನ್ನುತ್ತಾರೆ. ಏಳನೇ ಕ್ಲಾಸಿನಲ್ಲಿ ನೀವೂ ಮಾಡಿದ್ದೀರಿ. ಮಾಡಿ ಮರೆತಿದ್ದೀರಿ.

ಛೇದದಲ್ಲಿ ಎಂಟು ಬಂದದ್ದೇ ತಡ, ಮಾಸ್ತರ್ ಟೇಬಲ್ಲಿನ ಮೇಲೆ ಬಗ್ಗಿದರು.

"ಎಂಟರಾಗ ಐದು," ಅಂದರು. ಆಮೇಲೆ ಮೆಲ್ಲಗೆ, "ಐದು ಸೂತ."

"ಆರಲ್ಲ, ಐದು."

"ಇಪ್ಪತ್ತನಾಲ್ಕರದ್ದು ಮಾಡು."

1.5. ಹತ್ತರಲ್ಲಿ ಐದು. ಐದರಿಂದ ಹೊಡೆದೆ. "ಒಂದು ಬೈ ಎರಡು. ಸರಳ ರೂಪ!" ಎಂದು ಚಾಕ್ ಕೆಳಗಿಟ್ಟೆ.

"ಟೇಪಿನ ಮ್ಯಾಲೆ ಬೈ ಎರಡು ಎಲ್ಲೈತಿ? ಸೂತದಾಗ ಹೇಳು."

ಅಯ್ಯೋ, ಮತ್ತೆ ಮೇಲೆ ಹತ್ತಿಸಬೇಕು. ನಾಲ್ಕರಿಂದ ಗುಣಿಸಿ 4/8 ಬರೆದೆ. ಇದೇ 4/8 ಅನ್ನು ಇಳಿಸದೆ ಬಿಟ್ಟಿದ್ದಕ್ಕೆ ನಮ್ಮ ಗಣಿತದ ಸರ್ ಒಮ್ಮೆ ಅರ್ಧ ಮಾರ್ಕ್ಸ್ ಕತ್ತರಿಸಿದ್ದರು. ಅವರ ಕತ್ತರಿಗೆ ಸರಳ ರೂಪ ಬೇಕು, ಮಾಸ್ತರ್ ಕತ್ತರಿಗೆ ಎಂಟರ ರೂಪ ಬೇಕು. ನನ್ನಂಥ ಪ್ರತಿಭೆ ಎಷ್ಟು ಕತ್ತರಿಗಳ ನಡುವೆ ಬದುಕಬೇಕು ಹೇಳಿ!

ಆದರೆ ನಾಲ್ಕು ಸೂತದ ಹುಡುಗಿ ಸಿಕ್ಕಿದ್ದಳು. ಇಪ್ಪತ್ತನಾಲ್ಕರ ಸೊಂಟದವಳೇ ಅವಳು. ಮುಂದಿನದು ಸರಸರ ಬಂತು. ಪಾಯಿಂಟ್ ಏಳು ಐದು ಅಂದರೆ ಮುಕ್ಕಾಲು, ಅಂದರೆ ಆರು ಸೂತ. ಪಾಯಿಂಟ್ ಎಂಟು ಏಳು ಐದು ಅಂದರೆ ಎಂಟರಲ್ಲಿ ಏಳು. ಹಾಗಾದರೆ ಸಣ್ಣವರದ್ದು ಹೇಗೆ ಸರಿಹೋಯಿತು? 0.25 ಇಳಿಸಿದರೆ ಕಾಲು, ಅಂದರೆ ಎರಡು ಸೂತ. ಮೊದಲ ಅಂಕಿಯೂ ಎರಡು! 0.375 ಇಳಿಸಿದರೆ ಎಂಟರಲ್ಲಿ ಮೂರು. ಮೊದಲ ಅಂಕಿಯೂ ಮೂರು! ಅರ್ಧ ಇಂಚಿಗಿಂತ ಕಡಿಮೆ ಇದ್ದರೆ ಬಾಲ ಕತ್ತರಿಸಿದರೂ ನಡೆಯುತ್ತದೆ. ಅರ್ಧದಿಂದ ಮೇಲೆ ಪ್ರತಿಯೊಂದಕ್ಕೂ ಸರಿಯಾಗಿ ಒಂದು ಸೂತ ಹೆಚ್ಚು.

"ಒಂದ ಸೂತ ಅಲ್ಲೇನ," ಮಾಸ್ತರ್ ಸ್ವಲ್ಪ ಉಸಿರು ಬಿಟ್ಟರು. "ಒಂದ ಸೂತಕ್ಕ ಏನಾಗತೇತಿ?"

"ಹದಿನಾರು ಪಟ್ಟಿರೀ ಮಾಸ್ತರ," ಮೌಶಿ ಎದ್ದು ನಿಂತಿದ್ದಳು. "ಹದಿನಾರು ಸೂತ. ಎರಡ ಇಂಚ!"

ತಪ್ಪು ಸಿಕ್ಕಿತ್ತು, ಸರಿ. ಸಿಕ್ಕಿದ್ದರಿಂದ ಏನಾಯಿತು? ಘಾಗ್ರಾ ಹೊಲಿದಾಗಿತ್ತು. ಇಪ್ಪತ್ತನಾಲ್ಕರ ಹುಡುಗಿಗೆ ಇಪ್ಪತ್ತಾರರ ಘಾಗ್ರಾ. ಇಪ್ಪತ್ತಾರರ ಸಾನಿಕಾಗೆ ಇಪ್ಪತ್ತೆಂಟರದ್ದು. ಇಪ್ಪತ್ತೆಂಟರವಳಿಗೆ ಮೂವತ್ತರದ್ದು. ಮೂವತ್ತರವಳಿಗೆ ಮೂವತ್ತೆರಡರದ್ದು.

ನಾನು ಇದನ್ನು ಬಾಯಿಬಿಟ್ಟು ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ನಿಂತೆ.

"ಮೌಶಿ! ಸಾನಿಕಾನ ಈ ಘಾಗ್ರಾ ಇಪ್ಪತ್ತೆಂಟರದ್ದಲ್ಲೇನ?"

"ಹೌದು. ಅದಕ್ಕ ಜಾರಾಕತ್ತೇತಿ."

"ಇಪ್ಪತ್ತೆಂಟರ ಹುಡುಗಿ ಹೊರಗ ಕಬ್ಬಿನ ಹಾಲು ಕುಡಿಯಾಕತ್ತಾಳ!"

ಮೌಶಿ ನನ್ನನ್ನು ನೋಡಿದಳು. ಘಾಗ್ರಾ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಬಲ್ಬು ಹತ್ತಿದ್ದನ್ನು ನಾನು ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ಅರವತ್ತು ವ್ಯಾಟಿನದ್ದು.

"ಒಬ್ಬರದು ಒಬ್ಬರಿಗೆ ಹಾಕಿದ್ರ ಆತು!" ಅವಳು ಕೂಗಿದಳು. "ಹೊಲಿಗಿ ಬಿಚ್ಚೂದ ಬ್ಯಾಡ!"

ಉದ್ದ? ಉದ್ದಕ್ಕೆ ಚಿಂತೆ ಇರಲಿಲ್ಲ. ಬೆಳೆಯುವ ಹುಡುಗಿಯರು ಎಂದು ಮಾಸ್ತರ್ ಕೆಳಗೆ ದಂಡಿಯಾಗಿ ಮಡಚಿ ಬಿಟ್ಟಿದ್ದರು. ಬೇಕಾದಷ್ಟು ಇಳಿಸಬಹುದು, ಏರಿಸಬಹುದು.

ಒಂದೇ ಒಂದು ಸಮಸ್ಯೆ ಉಳಿಯಿತು. ಎಲ್ಲರೂ ಒಂದೊಂದು ಹೆಜ್ಜೆ ಸರಿದರೆ ಇಪ್ಪತ್ತನಾಲ್ಕರ ಹುಡುಗಿಗೆ ಘಾಗ್ರಾ ಇಲ್ಲ. ಮೂವತ್ತೆರಡರ ಘಾಗ್ರಾಕ್ಕೆ ಹುಡುಗಿ ಇಲ್ಲ. ನಾನು ಮತ್ತೆ ಚಾಕ್ ಹಿಡಿದೆ. ದಶಮಾಂಶ, ಭಿನ್ನರಾಶಿ, ಏನಾದರೂ ಮಾಡಿಯೇನು ಎಂಬ ಹುಮ್ಮಸ್ಸು.

"ಚಾಕ್ ಇಡು," ಎಂದರು ಮಾಸ್ತರ್. ಇಷ್ಟು ಹೊತ್ತು ನನ್ನ ಜಂಬ ಸಹಿಸಿಕೊಂಡಿದ್ದ ಮನುಷ್ಯ. ಈಗ ಅವರ ಸರದಿ. "ಆ ಘಾಗ್ರಾದಾಗ ಪಟ್ಟಿ ಎಷ್ಟೆಷ್ಟು ಇಂಚಿನವು?"

"ಎರಡೆರಡು."

"ನಾಲ್ಕು ಪಟ್ಟಿ ಕಿತ್ತು ಒಗದ್ರ?"

"ಎಂಟು ಇಂಚು ಹೋತು."

"ಮೂವತ್ತೆರಡರಾಗ ಎಂಟು ಹೋದ್ರ?"

ಇಪ್ಪತ್ತನಾಲ್ಕು! ಸೂತ ಹೆಚ್ಚಿಲ್ಲ, ಸೂತ ಕಡಿಮೆ ಇಲ್ಲ!

"ಮೊಬೈಲ್ ಬೇಕೇನ ತಂಗಿ?" ಎಂದು ಕೇಳಿ, ಮಾಸ್ತರ್ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಚಕ್ ಚಕ್ ಅನ್ನಿಸಿದರು. ಇಂಥ ಸ್ಟೈಲು ಅಭ್ಯಾಸದಿಂದ ಬರುವುದಿಲ್ಲ. ಹುಟ್ಟಿನಿಂದ ಬರಬೇಕು. ನನಗೂ ಹಾಗೇ ಬಂದದ್ದು.

ಟೀಚರ್ ವಾಪಸ್ ಬಂದಾಗ ಫೋನು ಕೈಯಲ್ಲೇ ಇತ್ತು, ಧಾರವಾಡಕ್ಕೆ ಹಚ್ಚುವುದೊಂದೇ ಬಾಕಿ. ಮೌಶಿ ಏನೂ ವಿವರಿಸಲಿಲ್ಲ. "ಒಂದ ನಿಮಿಷ ಇರ್ರಿ" ಎಂದು ಹುಡುಗಿಯರ ಕೈಗೆ ಘಾಗ್ರಾ ಕೊಟ್ಟಳು. ಇದು ನಿನಗೆ, ಇದು ನಿನಗೆ. ಸಾನಿಕಾಗೆ ಇಪ್ಪತ್ತನಾಲ್ಕರವಳ ಹೆಸರಿನದ್ದು. ಹಾಕಿಕೊಂಡಳು. ಹುಕ್ಕು ಟಕ್ಕೆಂದಿತು.

"ತಿರುಗವಾ" ಅಂದರು ಟೀಚರ್. ಈ ಸಲ ದನಿ ಸಣ್ಣದಿತ್ತು.

ಸಾನಿಕಾ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡೇ ತಿರುಗಿದಳು. ಅರ್ಧ ಸುತ್ತಿಗೆ ಒಂದು ಕೈ ಬಿಟ್ಟಳು. ಆಮೇಲೆ ಎರಡನೆಯದನ್ನೂ ಬಿಟ್ಟಳು. ಘಾಗ್ರಾ ಎದ್ದಿತು. ಹದಿನಾರೂ ಪಟ್ಟಿ ಬಿಚ್ಚಿಕೊಂಡು ಆ ಗಲ್ಲಿಯಷ್ಟಗಲ ಆಯಿತು. ಕಿರಾಣಿಯವರು ತಕ್ಕಡಿ ಹಿಡಿದುಕೊಂಡರು. ಆಡು ಹೌಹಾರಿ ಓಡಿತು.

ಟೀಚರ್ ಫೋನನ್ನು ಪರ್ಸಿಗೆ ಹಾಕಿಕೊಂಡರು.

ಶುಕ್ರವಾರ ಸಂಜೆ ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ. ಬಲಕ್ಕೆ ಮೌಶಿ, ಎಡಕ್ಕೆ ಇಸ್ತ್ರಿ ಮಾಡಿದ ಶೇರ್ವಾನಿಯಲ್ಲಿ ಮಾಸ್ತರ್. ಮೌಶಿ ಹಾಡು ಕೇಳಲಿಲ್ಲ, ಹೆಜ್ಜೆ ನೋಡಲಿಲ್ಲ. ಎಂಟು ಸೊಂಟಗಳನ್ನೇ ನೋಡುತ್ತಿದ್ದಳು, ನನ್ನ ಮಣಿಕಟ್ಟನ್ನು ಹಿಡಿದುಕೊಂಡು. ಪ್ರತಿ ಸುತ್ತಿಗೂ ಹಿಡಿತ ಬಿಗಿಯಾಗುತ್ತಿತ್ತು. ಹನ್ನೆರಡು ಪಟ್ಟಿಯ ಹುಡುಗಿಯನ್ನು ಟೀಚರ್ ಜಾಣತನದಿಂದ ಕೊಡ ಹೊತ್ತು ನಡುವೆ ನಿಲ್ಲುವ ಪಾತ್ರಕ್ಕೆ ಹಾಕಿದ್ದರು. ಉಳಿದ ಏಳು ಜನ ಅವಳ ಸುತ್ತ ಗರಗರ ತಿರುಗಿದರು. ಏಳು ಛತ್ರಿ ಒಟ್ಟಿಗೆ ಬಿಚ್ಚಿದವು.

ಒಂದೂ ಇಳಿಯಲಿಲ್ಲ.

ಚಪ್ಪಾಳೆ ಬಿದ್ದಾಗ ಮಾಸ್ತರ್ ಎದ್ದು ನಿಂತು ಹಿಂದಿನ ಸಾಲಿನವರಿಗೆ ತಲೆಬಾಗಿದರು. ಇವರು ಯಾರೆಂದು ಹಿಂದಿನವರಿಗೆ ಗೊತ್ತಾಗಲಿಲ್ಲ. ಆದರೂ ಚಪ್ಪಾಳೆ ಜೋರು ಮಾಡಿದರು.

ಸ್ಟೇಜಿನ ಹಿಂದೆ ಟೀಚರ್ ಹೆಡ್‌ಮೇಡಮ್ ಅವರನ್ನು ಕರೆದುಕೊಂಡು ಬಂದರು. "ಇವರ ನೋಡ್ರಿ ಶಾಂತಾಬಾಯಿ. ಡ್ರೆಸ್ ಇವರ ಹೊಲದದ್ದು" ಎಂದು ಪರಿಚಯಿಸಿದರು. ಆಮೇಲೆ ಮೌಶಿಗೆ, "ಮುಂದಿನ ಸಲ ಅಳತಿ ನಾ ಬರಕೊಂಡು ಬರಂಗಿಲ್ರಿ. ನೀವ ಸಾಲಿಗೆ ಬಂದು ತಗೋರಿ. ಸಣ್ಣ ಮಕ್ಕಳದ್ದೂ ಐತಿ, ದೊಡ್ಡವರದ್ದೂ ಐತಿ."

ಫಾಲು-ಪಿಕೋ ಬಗ್ಗೆ ಯಾರೂ ಕೇಳಲಿಲ್ಲ.

ಹೆಡ್‌ಮೇಡಮ್ ಕೇಳಿದರು, "ಇಷ್ಟು ಛಲೋ ಫಿಟಿಂಗ್ ಹೆಂಗ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. ಮಾಸ್ತರ್ ಕೂಡ ಗಂಟಲು ಸರಿಮಾಡಿಕೊಂಡರು. ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಮೌಶಿ ಸೆರಗು ಸರಿಪಡಿಸಿಕೊಂಡು ಹೇಳಿದಳು:

"ಕತ್ತರಿ ನಮ್ಮ ಮಾಸ್ತರದ್ರಿ. ಲೆಕ್ಕ ನಮ್ಮ ಅಕ್ಕನ ಮಗಳದ್ರಿ. ಅಂಗಡಿ ನಂದು."

ಆ ‘ನಂದು’ ಇದೆಯಲ್ಲ, ಅದರ ಮುಂದೆ ನನ್ನ ಇಷ್ಟು ವರ್ಷದ ಜಂಬ ಎಲ್ಲ ಸೇರಿಸಿದರೂ ಒಂದು ಸೂತಕ್ಕೆ ಸಮ ಬರಲಿಕ್ಕಿಲ್ಲ. (ಸರಿ, ಎರಡು ಸೂತ.)

ಈ ಗಣಿತ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಇನ್ನೂ ಕೇಳುವವರು ದಯವಿಟ್ಟು ಒಮ್ಮೆ ಸೊಂಟ ಮುಟ್ಟಿ ನೋಡಿಕೊಳ್ಳಿ: ತೊಟ್ಟದ್ದು ಅಲ್ಲೇ ಇದೆಯಲ್ಲ?